ಎಂ-ಸೀಲ್ ಹಚ್ಚುವ ಮೊದಲು

ನಳದ ಬುಡದಲ್ಲಿ ನೀರು ಜಿನುಗಿದರೆ ಎಂ-ಸೀಲ್, ಬಕೀಟು ಸೀಳಿದರೆ ಫೆವಿಕ್ವಿಕ್, ಬಾಗಿಲು ಬಿಗಿಯಾದರೆ ರಂದಾ, ಬಚ್ಚಲ ಕಟ್ಟಿದರೆ ಆಸಿಡ್. ಹುಬ್ಬಳ್ಳಿ-ಧಾರವಾಡದ ಯಾವ ಓಣಿಗೆ ಹೋದರೂ ಮನೆ ರಿಪೇರಿಗೆ ಮೊದಲು ನೆನಪಾಗುವ ನಾಲ್ಕು ಮದ್ದು ಇವೇ. ನಾಲ್ಕೂ ಒಳ್ಳೆಯ ವಸ್ತುಗಳೇ. ಆದರೆ ಬಹಳಷ್ಟು ಸಲ ಬಳಕೆಯಾಗುವುದು ತಪ್ಪು ಜಾಗದಲ್ಲಿ, ಏಕೆಂದರೆ ಎಲ್ಲಿ ಕೆಟ್ಟಿದೆ ಎಂದು ನೋಡುತ್ತೇವೆ, ಯಾಕೆ ಕೆಟ್ಟಿತು ಎಂದು ಕೇಳುವುದಿಲ್ಲ. ನಮ್ಮ ಭಾಗದ ಮನೆಗಳಲ್ಲಿ ಈ "ಯಾಕೆ"ಗೆ ಉತ್ತರ ಹೆಚ್ಚಾಗಿ ನೀರಿನಲ್ಲೇ ಇರುತ್ತದೆ. ಸವಳು (ಗಡಸು) ನೀರು, ಬಿಟ್ಟು ಬಿಟ್ಟು ಬರುವ ನೀರು, ಮಳೆಗಾಲದಲ್ಲಿ ಕಟ್ಟಿಗೆಯೊಳಗೂ ನೆಲದೊಳಗೂ ಸೇರುವ ನೀರು.

ಅವಳಿ ನಗರಕ್ಕೆ ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭಾ ನೀರು ಅಷ್ಟು ಸವಳಲ್ಲ. ಆದರೆ ಅದು ಬಹಳ ಓಣಿಗಳಿಗೆ ದಿನಾ ಬರುವುದಿಲ್ಲ. ನಡುವಿನ ದಿನಗಳಿಗೆ ಬೋರ್‌ವೆಲ್ ನೀರು ಏರಿಸುತ್ತೇವೆ. ಗದಗ ಕಡೆಯಂತೂ ಬೋರ್ ನೀರಿನ ಸವಳು ಎಲ್ಲರಿಗೂ ಗೊತ್ತು: ಬೇಳೆ ಬೇಗ ಬೇಯುವುದಿಲ್ಲ, ಸ್ನಾನಕ್ಕೆ ಸೋಪು ನೊರೆ ಬರುವುದಿಲ್ಲ. ಎರಡೂ ನೀರು ಒಂದೇ ಟಾಕಿಗೆ ಬಿದ್ದಾಗ ನಳ, ಶವರ್, ಗೀಸರ್, ಫ್ಲಶ್ ಎಲ್ಲವೂ ಸವಳಿನ ಪಾಲಾಗುತ್ತವೆ.

ನಿಮ್ಮ ನೀರು ಎಷ್ಟು ಸವಳು ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಒಂದು ಬಾಟಲಿಗೆ ಅರ್ಧ ನೀರು ತುಂಬಿ, ಮೈ ಸೋಪನ್ನು ಕಡಲೆಕಾಳಿನಷ್ಟು ಕೆರೆದು ಹಾಕಿ, ಬಿರಡೆ ಬಿಗಿದು ಅರ್ಧ ನಿಮಿಷ ಕುಲುಕಿರಿ. ಮೇಲೆ ನೊರೆ ನಿಂತು ಕೆಳಗೆ ನೀರು ಹೆಚ್ಚು ಕಡಿಮೆ ತಿಳಿಯಾಗಿದ್ದರೆ ನೀರು ಮೃದು. ನೊರೆ ಬರದೆ ಬಿಳಿ ಮೊಸರಿನಂಥ ಚೂರು ತೇಲಿದರೆ ಸವಳು. ಬಟ್ಟೆ ಒಗೆಯುವ ಪೌಡರ್‌ನಿಂದ ಈ ಪರೀಕ್ಷೆ ಮಾಡಬೇಡಿ, ಅದು ಸವಳು ನೀರಿನಲ್ಲೂ ನೊರೆ ಕೊಡುತ್ತದೆ. ಹೋಲಿಸಿ ನೋಡಲು ಹಿಡಿದಿಟ್ಟ ಮಳೆ ನೀರಿನ ಇನ್ನೊಂದು ಬಾಟಲಿ ಇದ್ದರೆ ಇನ್ನೂ ಒಳ್ಳೆಯದು.

ಬಿಳಿ ಪದರ: ಹುಳಿ ಎಲ್ಲಿ ಬೇಕು, ಎಲ್ಲಿ ಬೇಡ

ಸವಳು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪುಗಳು ಕರಗಿರುತ್ತವೆ. ಕಾಯಿಸಿದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗುತ್ತದೆ. ಇದು ನೀರಿನಲ್ಲಿ ಕರಗದು, ಹಾಗಾಗಿ ಗೀಸರಿನ ಕಾಯಿಲ್ ಮೇಲೆ, ಪಾತ್ರೆಯ ತಳದಲ್ಲಿ ಬಿಳಿ ಚಿಪ್ಪಾಗಿ ಕೂಡುತ್ತದೆ. ನಳದ ಬಾಯಿಯಲ್ಲಿ, ಶವರಿನ ತೂತಿನಲ್ಲಿ ನೀರು ಆರಿದಾಗಲೂ ಇದೇ ಉಳಿಯುತ್ತದೆ. ಕಾರ್ಬೊನೇಟಿಗೆ ಹುಳಿ ತಾಗಿದರೆ ಗುಳ್ಳೆ ಎದ್ದು ಕರಗುತ್ತದೆ. ಇಡೀ ಚಿಕಿತ್ಸೆ ಇಷ್ಟೇ.

ಹುಳಿಗೆ ಬಿಳಿ ವಿನೆಗರ್ ಆಗುತ್ತದೆ, ಲಿಂಬೆ ರಸ ಆಗುತ್ತದೆ. ಕೆಲಸ ದೊಡ್ಡದಿದ್ದರೆ ಸಿಟ್ರಿಕ್ ಆಸಿಡ್ ಹರಳು ಅಗ್ಗ: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 40 ಗ್ರಾಂ, ಅಂದರೆ ಸುಮಾರು ಮೂರು ದೊಡ್ಡ ಚಮಚೆ. ಕುದಿಯುವ ನೀರು ಬೇಡ. ಬಿಸಿ ಹೆಚ್ಚಾದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿ ಕೂತು, ತೆಗೆಯಲು ಹೊರಟ ಪದರದ ಜಾಗಕ್ಕೆ ಬೇರೊಂದು ಬರುತ್ತದೆ.

ನಳದ ಧಾರೆ ಸಣ್ಣಗಾಗಿ ಅಡ್ಡಾದಿಡ್ಡಿ ಸಿಡಿಯುತ್ತಿದ್ದರೆ ಪ್ಲಂಬರ್‌ನನ್ನು ಕರೆಯುವ ಮೊದಲು ನಳದ ಬಾಯಿಯ ಜಾಳಿಗೆ ನೋಡಿ. ಒಣ ಬಟ್ಟೆ ಸುತ್ತಿ ಕೈಯಿಂದಲೇ ತಿರುವಿದರೆ ಬಹಳ ಸಲ ಬಿಚ್ಚುತ್ತದೆ. ಇಕ್ಕಳ ಹಾಕುವುದಾದರೂ ಬಟ್ಟೆಯ ಮೇಲೆಯೇ ಹಾಕಿ, ಇಲ್ಲವಾದರೆ ಕ್ರೋಮ್ ಲೇಪ ಗೀರಿಹೋಗುತ್ತದೆ. ಬಿಡಿಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ತಾಟಿನಲ್ಲಿ ಸಾಲಾಗಿ ಇಡಿ. ಮೊದಲು ಮರಳನ್ನು ನೀರಿನಿಂದ ತೊಳೆದು, ಆಮೇಲೆ ಅರ್ಧ ತಾಸು ವಿನೆಗರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ಶವರ್ ಬಿಚ್ಚಲು ಬಾರದಿದ್ದರೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ವಿನೆಗರ್ ಹಾಕಿ, ಶವರಿನ ಮುಖ ಮುಳುಗುವಂತೆ ರಬ್ಬರ್‌ಬ್ಯಾಂಡ್‌ನಿಂದ ಕಟ್ಟಿ. ಒಂದು ತಾಸು ಸಾಕು. ರಾತ್ರಿಯಿಡೀ ಬಿಟ್ಟರೆ ಪದರದ ಜೊತೆ ಕ್ರೋಮೂ ಮಂಕಾಗುತ್ತದೆ.

ಬಕೀಟಿನಲ್ಲಿ ಇಡುವ ಹೀಟರ್ ರಾಡಿಗೂ ಇದೇ ಉಪಾಯ. ಪ್ಲಗ್ ಕಿತ್ತು, ರಾಡ್ ಪೂರ್ತಿ ತಣ್ಣಗಾದ ಮೇಲೆ, ಸುರುಳಿಯ ಭಾಗ ಮಾತ್ರ ದ್ರಾವಣದಲ್ಲಿ ಮುಳುಗಲಿ. ವೈರು ಸೇರುವ ತಲೆ ತೊಯ್ಯಬಾರದು. ಚಿಪ್ಪು ದಪ್ಪವಾದಷ್ಟೂ ಶಾಖ ನೀರಿಗೆ ದಾಟುವುದು ತಡವಾಗುತ್ತದೆ, ಒಳಗಿನ ಲೋಹ ಹೆಚ್ಚು ಕಾಯುತ್ತದೆ, ರಾಡ್ ಬೇಗ ಸುಡುತ್ತದೆ. ಚಿಪ್ಪನ್ನು ಚಾಕುವಿನಿಂದ ಕೆತ್ತುವವರಿದ್ದಾರೆ. ಹೊರ ಕೊಳವೆಯಲ್ಲಿ ಸಣ್ಣ ಸೀಳು ಬಿದ್ದರೂ ನೀರಿಗೆ ಕರೆಂಟ್ ಇಳಿಯುವ ಅಪಾಯವಿದೆ, ಕೆತ್ತಬೇಡಿ.

ಇನ್ನು ಹುಳಿ ತಾಗಬಾರದ ಜಾಗ. ನಮ್ಮ ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಫರಸಿ, ಅಡುಗೆ ಕಟ್ಟೆಯ ಕಡಪ ಕಲ್ಲು ಎರಡೂ ಸುಣ್ಣದ ಕಲ್ಲಿನ ಜಾತಿ. ಮಾರ್ಬಲ್ ಕೂಡ ಅದೇ ಕುಲ. ನಳದ ಪದರ ಯಾವುದೋ ಈ ಕಲ್ಲೂ ರಾಸಾಯನಿಕವಾಗಿ ಬಹುಪಾಲು ಅದೇ. ಅದರ ಮೇಲೆ ಲಿಂಬೆ ರಸ ಬಿದ್ದರೆ ಕಲೆ ಹೋಗುವುದಿಲ್ಲ, ಕಲ್ಲಿನ ಹೊಳಪೇ ಹೋಗಿ ಬಿಳಿ ಗುರುತು ಉಳಿಯುತ್ತದೆ. ಬಚ್ಚಲಲ್ಲಿ ಫರಸಿ ಇದ್ದರೆ ನಳ ತೊಳೆಯುವಾಗ ಕೆಳಗೆ ಬೋಗುಣಿ ಇಡಿ, ಫರಸಿಯನ್ನು ಸೋಪಿನ ನೀರಿನಿಂದ ಮಾತ್ರ ತೊಳೆಯಿರಿ.

ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ನೊರೆ ಎಬ್ಬಿಸುವ ವಿಡಿಯೋಗಳು ಫೋನಿನಲ್ಲಿ ಬೇಕಾದಷ್ಟು ಓಡಾಡುತ್ತವೆ. ನೋಡಲು ಚಂದ, ಕೆಲಸಕ್ಕೆ ಸೊನ್ನೆ. ಒಂದು ಹುಳಿ, ಇನ್ನೊಂದು ಕ್ಷಾರ. ಬೆರೆತರೆ ಒಂದನ್ನೊಂದು ಕೊಂದು ಸೋಡಿಯಂ ಅಸಿಟೇಟ್ ಎಂಬ ಸಪ್ಪೆ ಉಪ್ಪಿನ ನೀರು ಉಳಿಯುತ್ತದೆ. ಪದರಕ್ಕೆ ಹುಳಿ ಮಾತ್ರ ಹಾಕಿ. ಜಿಡ್ಡು ತಿಕ್ಕಲು ಸೋಡಾ ಮಾತ್ರ ಬಳಸಿ. ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದು: ಸಂಡಾಸ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಒಂದೇ ಹೊತ್ತಿಗೆ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಹಾಕಿದ ಸಣ್ಣ ಸಂಡಾಸಿನಲ್ಲಿ ಅದು ಜೀವಕ್ಕೇ ಎರವಾದೀತು.

ತೊಟ್ಟಿಕ್ಕುವ ನಳ

ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿ ಎಂದು ಹಿಡಿದರೂ ನಾಲ್ಕು ಲೀಟರ್ ದಾಟುತ್ತದೆ. ನಳದ ಹನಿ ಸಾಮಾನ್ಯವಾಗಿ ಇನ್ನೂ ದಪ್ಪ. ನೀರು ಐದು ದಿನಕ್ಕೊಮ್ಮೆ ಬರುವ ಓಣಿಯಲ್ಲಿ, ಒಂದು ಬಾರಿಯಿಂದ ಇನ್ನೊಂದು ಬಾರಿಯೊಳಗೆ ಒಂದು ನಳ ಇಪ್ಪತ್ತು ಲೀಟರಿನ ಮೇಲೆ ಚೆಲ್ಲಿರುತ್ತದೆ.

ಸುತ್ತು ಸುತ್ತು ತಿರುವುವ ಹಳೆಯ ಮಾದರಿಯ ಹಿತ್ತಾಳೆ ನಳದೊಳಗೆ ಒಂದು ರಬ್ಬರ್ ವಾಷರ್ ಇರುತ್ತದೆ. ನಳ ಬಂದ್ ಮಾಡಿದಾಗ ಅದು ಕೆಳಗಿನ ಲೋಹದ ತೂತಿನ ಅಂಚಿನ ಮೇಲೆ ಒತ್ತಿ ಕೂತು ನೀರು ತಡೆಯುತ್ತದೆ. ನೀರು ಬಿಟ್ಟು ಬಿಟ್ಟು ಬರುವ ಊರಿನಲ್ಲಿ ಖಾಲಿ ಪೈಪಿನ ಮರಳು, ತುಕ್ಕು ಮೊದಲ ನೀರಿನ ಜೊತೆ ಬರುತ್ತವೆ. ಒಂದು ಕಣ ವಾಷರ್ ಕೆಳಗೆ ಸಿಕ್ಕಿದರೂ ಹನಿ ಶುರು. ಆಗ ನಾವು ಮಾಡುವುದೇನು? ಇನ್ನೂ ಜೋರಾಗಿ ತಿರುವುತ್ತೇವೆ. ಕಣ ರಬ್ಬರಿನೊಳಗೆ ಹೂತು, ವಾಷರ್ ಕತ್ತರಿಸಿ, ಕೊನೆಗೆ ಲೋಹದ ಅಂಚಿನಲ್ಲೂ ಗುಳಿ ಬೀಳುತ್ತದೆ. ಹತ್ತು ರೂಪಾಯಿಯೊಳಗೆ ಮುಗಿಯುವ ಕೆಲಸ ಹೊಸ ನಳದ ಖರ್ಚಿಗೆ ಬಂದು ನಿಲ್ಲುವುದು ಹೀಗೆ.

ಬದಲಿಸುವ ಕ್ರಮ: ಟಾಕಿಯಿಂದ ಇಳಿಯುವ ಪೈಪಿನ ವಾಲ್ವ್ ಬಂದ್ ಮಾಡಿ, ನಳ ತೆರೆದು ಉಳಿದ ನೀರು ಖಾಲಿಯಾಗಲು ಬಿಡಿ. ಒಂದು ಕೈಯಲ್ಲಿ ನಳದ ಮೈಯನ್ನು ಬಲವಾಗಿ ಹಿಡಿದು, ಇನ್ನೊಂದು ಕೈಯ ಪಾನಾದಿಂದ ಮೇಲಿನ ದೊಡ್ಡ ನಟ್ಟನ್ನು ಎಡಕ್ಕೆ ತಿರುವಿ. ಮೈ ಹಿಡಿಯದೆ ತಿರುವಿದರೆ ಗೋಡೆಯೊಳಗಿನ ಜಾಯಿಂಟ್ ತಿರುಗುತ್ತದೆ, ಆಮೇಲೆ ಟೈಲ್ಸ್ ಒಡೆಯದೆ ಗತಿಯಿಲ್ಲ. ನಟ್ ಬಿಚ್ಚಿ ಮೇಲ್ಭಾಗ ಎತ್ತಿದರೆ ವಾಷರ್ ಹಿಡಿದ ಸಣ್ಣ ಗುಂಡಿ ಸಿಗುತ್ತದೆ. ಹಳೆಯದನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ಯಿರಿ, ಅಳತೆ ಬಾಯಿಂದ ಹೇಳಿ ತಂದದ್ದು ಬಹಳ ಸಲ ಸರಿಹೊಂದುವುದಿಲ್ಲ. ಅಂಗಡಿ ಬಾಗಿಲು ಹಾಕಿದ್ದರೆ ಸೈಕಲ್ ಟ್ಯೂಬಿನ ತುಂಡನ್ನು ಅದೇ ಗಾತ್ರಕ್ಕೆ ದುಂಡಗೆ ಕತ್ತರಿಸಿ ಎರಡು ಪದರ ಹಾಕಿದರೆ ತಣ್ಣೀರಿನ ನಳಕ್ಕೆ ತಾತ್ಕಾಲಿಕವಾಗಿ ನಡೆಯುತ್ತದೆ. ಬಿಸಿನೀರಿನ ನಳಕ್ಕೆ ಬೇಡ, ಮೆತ್ತಗಾಗಿ ಅಂಟಿಕೊಳ್ಳುತ್ತದೆ.

ಹೊಸ ವಾಷರ್ ಹಾಕುವ ಮೊದಲು ಕೆಳಗಿನ ಲೋಹದ ಅಂಚಿನ ಮೇಲೆ ಕಿರುಬೆರಳು ಸುತ್ತ ಆಡಿಸಿ. ನುಣುಪಾಗಿದ್ದರೆ ಸರಿ. ಗುಳಿ ಅಥವಾ ಮುಳ್ಳು ತಾಗಿದರೆ ಯಾವ ವಾಷರ್ ಹಾಕಿದರೂ ಕೆಲವೇ ವಾರ. ಆ ಅಂಚನ್ನು ಸಮ ಮಾಡುವ ಕಟರ್ ಪ್ಲಂಬರ್ ಬಳಿ ಇರುತ್ತದೆ. ಮತ್ತೆ ಜೋಡಿಸುವಾಗ ನಳದ ಹಿಡಿಕೆ ತೆರೆದ ಸ್ಥಿತಿಯಲ್ಲಿರಲಿ. ಬಂದ್ ಸ್ಥಿತಿಯಲ್ಲಿ ನಟ್ ಬಿಗಿದರೆ ಹೊಸ ವಾಷರ್ ಮೊದಲ ದಿನವೇ ಜಜ್ಜಿಹೋಗುತ್ತದೆ.

ನಳ ತೆರೆದಾಗ ಮಾತ್ರ ಹಿಡಿಕೆಯ ಕೆಳಗೆ ನೀರು ಜಿನುಗಿದರೆ ತಪ್ಪು ವಾಷರಿನದಲ್ಲ. ಅಲ್ಲಿರುವ ಸಣ್ಣ ನಟ್ಟನ್ನು ಕಾಲು ಸುತ್ತು ಬಿಗಿಯಿರಿ. ನಿಲ್ಲದಿದ್ದರೆ ನಟ್ ಬಿಚ್ಚಿ, ಟೆಫ್ಲಾನ್ ಟೇಪನ್ನು ದಾರದಂತೆ ಹೊಸೆದು ದಂಡದ ಸುತ್ತ ಮೂರ್ನಾಲ್ಕು ಸುತ್ತು ಹಾಕಿ ಮತ್ತೆ ಬಿಗಿಯಿರಿ. ಕಾಲು ಸುತ್ತಿಗೆ ತೆರೆದು ಮುಚ್ಚುವ ಹೊಸ ಮಾದರಿಯ ನಳದಲ್ಲಿ ಈ ವಾಷರ್ ಇರುವುದಿಲ್ಲ. ಅದರಲ್ಲಿ ಪಿಂಗಾಣಿಯ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಮರಳು ಗೀರಿದರೆ ಒಳಗಿನ ಕಾರ್ಟ್ರಿಜ್ ಇಡಿಯಾಗಿ ಬದಲಿಸಬೇಕು. ಅದರ ಹಲ್ಲುಗಳ ಎಣಿಕೆ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಅದನ್ನೂ ಬಿಚ್ಚಿಕೊಂಡೇ ಅಂಗಡಿಗೆ ಹೋಗಬೇಕು.

ಇನ್ನು ನಳದ ಬುಡದ ಜಿನುಗು, ಅಂದರೆ ಎಂ-ಸೀಲಿನ ಕಥೆ. ಎಂ-ಸೀಲ್ ಒಣ, ಒರಟು ಮೈಗೆ ಅಂಟುವ ವಸ್ತು. ಹಸಿಯಾದ, ಒಳಗಿಂದ ನೀರು ದೂಡುತ್ತಿರುವ ಜಾಯಿಂಟಿನ ಮೇಲೆ ಎಷ್ಟು ಮೆತ್ತಿದರೂ ಅದರ ಅಡಿಯಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ, ಆಮೇಲೆ ಬಿಚ್ಚಲೂ ಬರುವುದಿಲ್ಲ. ಸರಿಯಾದ ದಾರಿ ಎಂದರೆ ವಾಲ್ವ್ ಬಂದ್ ಮಾಡಿ, ನಳ ಬಿಚ್ಚಿ, ಆಟೆಯಲ್ಲಿನ (ನಳದ ತುದಿಯ ತಿರುಪಿನ ಗೆರೆಗಳಲ್ಲಿನ) ಹಳೆಯ ಟೇಪ್ ಮತ್ತು ಸೆಣಬನ್ನು ಬ್ರಶ್‌ನಿಂದ ಪೂರ್ತಿ ತೆಗೆದು ಹೊಸ ಟೆಫ್ಲಾನ್ ಸುತ್ತುವುದು. ಆಟೆಯ ತುದಿ ನಿಮ್ಮ ಮುಖಕ್ಕೆ ಎದುರಾಗಿರಲಿ, ಟೇಪು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಲಿ. ಉಲ್ಟಾ ಸುತ್ತಿದರೆ ನಳ ಬಿಗಿಯುವಾಗ ಟೇಪು ಸುರುಳಿ ಬಿಚ್ಚಿ ಹೊರಗೆ ಬರುತ್ತದೆ. ಸೋರಿಕೆ ನಿಲ್ಲದಿರಲು ಬಹಳ ಸಲ ಇದೊಂದೇ ಕಾರಣ. ಮೊದಲ ಎಳೆ ಖಾಲಿ ಬಿಟ್ಟು, ಎಳೆದು ಬಿಗಿಯಾಗಿ, ಅಗ್ಗದ ತೆಳು ಟೇಪಾದರೆ ಎಂಟು-ಹತ್ತು ಸುತ್ತು. ಪ್ಲಾಸ್ಟಿಕ್ ಪೈಪಿನ ಆಟೆಗೆ ಇನ್ನೂ ಕಡಿಮೆ: ದಪ್ಪ ಹೆಚ್ಚಾದರೆ ಹೊರಗಿನ ಸಾಕೆಟ್ ಸೀಳುತ್ತದೆ. ನಳದ ಮುಖ ನೆಟ್ಟಗಾಗಲಿಲ್ಲ ಎಂದು ಬಿಗಿದ ಮೇಲೆ ಹಿಂದಕ್ಕೆ ತಿರುವಬೇಡಿ. ತಿರುವಿದರೆ ಟೇಪು ಹರಿದಂತೆಯೇ. ಬಿಚ್ಚಿ ಮೊದಲಿಂದ ಸುತ್ತಬೇಕು.

ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತದೆಯೇ ಎಂದು ತಿಳಿಯಲು ರಾತ್ರಿ ಅದರೊಳಗೆ ಒಂದು ಲೋಟ ಕಡು ಚಹಾ ಡಿಕಾಕ್ಷನ್ ಸುರಿದು, ಫ್ಲಶ್ ಮಾಡದೆ ಅರ್ಧ ತಾಸು ಬಿಡಿ. ಕೆಳಗಿನ ನೀರು ಬಣ್ಣಕ್ಕೆ ತಿರುಗಿದರೆ ತಳದ ರಬ್ಬರ್ ಕೂಡುತ್ತಿಲ್ಲ. ಹೆಚ್ಚಿನ ಸಲ ಅಲ್ಲಿಯೂ ಸವಳಿನ ಚಿಪ್ಪೇ ಇರುತ್ತದೆ, ವಿನೆಗರ್ ಬಟ್ಟೆಯಿಂದ ಒರೆಸಿದರೆ ಸಾಕು.

ಕಟ್ಟಿದ ಬಚ್ಚಲ, ನಾರುವ ಬಚ್ಚಲ

ಅಡುಗೆಮನೆಯ ಸಿಂಕ್ ಕಟ್ಟುವುದು ಎಣ್ಣೆ ಜಿಡ್ಡಿನಿಂದ ಮತ್ತು ಹಿಟ್ಟಿನಿಂದ. ರೊಟ್ಟಿ ಹಿಟ್ಟು ನಾದಿದ ಪರಾತ ತೊಳೆದ ನೀರು ಜಿಡ್ಡಿನ ಮೇಲೆ ಕೂತು ಗಾರೆಯಾಗುತ್ತದೆ. ಬಚ್ಚಲ ಕಟ್ಟುವುದು ಕೂದಲು ಮತ್ತು ಸೋಪಿನಿಂದ. ಸವಳು ನೀರಿನಲ್ಲಿ ಸೋಪು ನೊರೆಯಾಗದೆ ಕರಗದ ಬಿಳಿ ಗಸಿಯಾಗಿ ಕೂದಲಿಗೆ ಮೆತ್ತುತ್ತದೆ. ಹಾಗಾಗಿ ಎರಡಕ್ಕೂ ಒಂದೇ ಮದ್ದು ನಡೆಯದು. ಕೂದಲನ್ನು ವಿನೆಗರ್ ಕರಗಿಸುವುದಿಲ್ಲ, ಎಳೆದೇ ತೆಗೆಯಬೇಕು. ಎಣ್ಣೆಯ ಕ್ಯಾನ್‌ನಿಂದ ಒಂದೂವರೆ ಸೆಂಟಿಮೀಟರ್ ಅಗಲದ ಉದ್ದ ಪಟ್ಟಿ ಕತ್ತರಿಸಿ, ಎರಡೂ ಅಂಚಿಗೆ ಕತ್ತರಿಯಿಂದ ಓರೆಯಾಗಿ ಹಲ್ಲು ಕೊಯ್ಯಿರಿ, ಹಲ್ಲಿನ ತುದಿ ಮೇಲ್ಮುಖವಾಗಿರಲಿ. ಕೆಳಗಿಳಿಸಿ ತಿರುಗಿಸಿ ಎಳೆದರೆ ಗಂಟೇ ಮೇಲೆ ಬರುತ್ತದೆ.

ಸಿಂಕಿಗೆ ಎರಡು ಚಮಚೆ ಪಾತ್ರೆ ತೊಳೆಯುವ ಲಿಕ್ವಿಡ್, ಅದರ ಮೇಲೆ ಕೈಗೆ ಸುಡುವಷ್ಟು ಬಿಸಿಯ ಒಂದು ಬೋಗುಣಿ ನೀರು. ಕುದಿಯುವ ನೀರು ಸುರಿದರೆ ಪಿವಿಸಿ ಪೈಪು ಮೆತ್ತಗಾಗಿ ಜಾಯಿಂಟ್ ಸಡಿಲವಾಗುತ್ತದೆ. ಆದರೂ ಇಳಿಯದಿದ್ದರೆ ಕೆಳಗೆ ಬಕೀಟು ಇಟ್ಟು, ಸಿಂಕಿನಡಿಯ ಬಾಟಲಿ ಆಕಾರದ ಟ್ರ್ಯಾಪನ್ನು ಕೈಯಿಂದ ತಿರುವಿ ಬಿಚ್ಚಿ ಗಸಿ ಚೆಲ್ಲಿ. ಮತ್ತೆ ಹಾಕುವಾಗ ಅದರ ರಬ್ಬರ್ ರಿಂಗ್ ಮಡಚಿರದಂತೆ ನೋಡಿ. ಕಾಸ್ಟಿಕ್ ಸೋಡಾ ಕೊನೆಯ ಉಪಾಯ. ಅದು ಜಿಡ್ಡನ್ನು ಸೋಪಾಗಿಸುತ್ತದೆ ನಿಜ. ಆದರೆ ಪೂರ್ತಿ ಕಟ್ಟಿದ ಪೈಪಿಗೆ ಹಾಕಿದರೆ ಅಲ್ಲೇ ಬಿಸಿಯಾಗಿ ಗಟ್ಟಿ ಹೆಂಟೆಯಾಗುವುದುಂಟು, ಆಮೇಲೆ ಬಿಚ್ಚುವವನ ಕೈ ಮುಖ ಸುಡುತ್ತದೆ.

ಕಟ್ಟಿಲ್ಲ, ಆದರೆ ನಾರುತ್ತದೆ ಎಂದರೆ ಬಹಳ ಸಲ ನಹಾನಿ ಟ್ರ್ಯಾಪ್ (ಬಚ್ಚಲ ನೆಲದ ಜಾಳಿಗೆಯಡಿ ನೀರು ನಿಲ್ಲುವ ಬಟ್ಟಲು) ಒಣಗಿರುತ್ತದೆ. ಅದರೊಳಗೆ ನಿಂತ ನಾಲ್ಕೈದು ಸೆಂಟಿಮೀಟರ್ ನೀರೇ ಗಟಾರದ ಗಾಳಿಗೆ ಅಡ್ಡ ಬಾಗಿಲು. ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದಾಗ, ಅಥವಾ ಬಳಸದ ಬಚ್ಚಲಲ್ಲಿ ಆ ನೀರು ಆರಿಹೋಗಿರುತ್ತದೆ. ಎರಡು ತಂಬಿಗೆ ನೀರು ಸುರಿದರೆ ವಾಸನೆ ನಿಲ್ಲುತ್ತದೆ. ಹೊರಡುವ ಮುನ್ನ ಮೇಲೊಂದು ಚಮಚೆ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರದು.

ಮಳೆಗಾಲದ ಬಾಗಿಲು

ಧಾರವಾಡದ ಆಷಾಢ-ಶ್ರಾವಣದಲ್ಲಿ ಬಾಗಿಲು ಬಿಗಿಯಾಗುವುದು ಹೊಸ ಸುದ್ದಿಯಲ್ಲ. ಕಟ್ಟಿಗೆ ತೇವ ಹೀರಿ ಎಳೆಯ ಅಡ್ಡಕ್ಕೆ ಉಬ್ಬುತ್ತದೆ. ಉದ್ದಕ್ಕೆ ಅದು ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಜುಲೈಯಲ್ಲಿ ರಂದಾ ಹೊಡೆಸಿದವರಿಗೆ ಮಾರ್ಚಿಯಲ್ಲಿ ಬೆರಳು ತೂರುವ ಸಂದು ಸಿಗುತ್ತದೆ.

ಮೊದಲು ನೋಡಬೇಕಾದದ್ದು ಬಿಜಾಗ್ರಿ. ಬಾಗಿಲು ಅರ್ಧ ತೆರೆದು, ಹಿಡಿಕೆ ಹಿಡಿದು ಮೇಲಕ್ಕೆ ಎತ್ತಿ. ಮೇಲಿನ ಬಿಜಾಗ್ರಿ ಅಲುಗಿದರೆ ಬಾಗಿಲು ಉಬ್ಬಿಲ್ಲ, ಜೋತುಬಿದ್ದಿದೆ. ಸ್ಕ್ರೂ ಬಿಗಿದರೂ ಸುಮ್ಮನೆ ಸುತ್ತುತ್ತಿದ್ದರೆ ತೂತು ದೊಡ್ಡದಾಗಿದೆ ಎಂದರ್ಥ. ಉರಿದ ಊದಿನಕಡ್ಡಿಗಳ ಉಳಿದ ಬಿದಿರು ಇಲ್ಲಿ ಕೆಲಸಕ್ಕೆ ಬರುತ್ತದೆ. ಕಡ್ಡಿಗೆ ಫೆವಿಕಾಲ್ ಸವರಿ, ತೂತಿಗೆ ಹಿಡಿಯುವಷ್ಟು ತುರುಕಿ, ಮೈಮಟ್ಟಕ್ಕೆ ಕತ್ತರಿಸಿ, ಒಂದು ದಿನ ಒಣಗಲು ಬಿಡಿ. ಬಾಗಿಲ ಕೆಳಗೆ ಮಡಚಿದ ರಟ್ಟು ಕೊಟ್ಟು ಭಾರ ಎತ್ತಿ ಹಿಡಿದು ಅದೇ ಸ್ಕ್ರೂ ಹಾಕಿ. ಒಣಗುವ ಮೊದಲೇ ಸ್ಕ್ರೂ ಹಾಕಿದರೆ ಕಡ್ಡಿಗಳೂ ಅದರ ಜೊತೆ ತಿರುಗಿ ಹೊರಬರುತ್ತವೆ.

ಬಿಜಾಗ್ರಿ ಗಟ್ಟಿಯಿದ್ದರೆ ಚೌಕಟ್ಟಿನ ಒಳ ಅಂಚಿಗೆ ಬಣ್ಣದ ಸೀಮೆಸುಣ್ಣ ಉಜ್ಜಿ ಬಾಗಿಲು ಹಾಕಿ ತೆಗೆಯಿರಿ. ಬಾಗಿಲಿಗೆ ಬಣ್ಣ ಹತ್ತಿದ ಜಾಗವೇ ತಿಕ್ಕುವ ಜಾಗ. ಸದ್ಯಕ್ಕೆ ಅಲ್ಲಿ ಮೇಣಬತ್ತಿ ಉಜ್ಜಿದರೆ ಜಾರುತ್ತದೆ. ಶಾಶ್ವತ ಕೆಲಸ ಬೇಸಿಗೆಗೆ: ಆ ಜಾಗದಲ್ಲಿ ಒಂದೆರಡು ಮಿಲಿಮೀಟರ್ ಮಾತ್ರ ತೆಗೆದು, ಬಾಗಿಲಿನ ತಲೆ ಮತ್ತು ತಳದ ಅಂಚಿಗೆ ಎರಡು ಕೈ ವಾರ್ನಿಶ್ ಹೊಡೆಯಿರಿ. ಬಡಗಿ ಬಣ್ಣ ಬಳಿಯದೆ ಬಿಡುವುದು ಈ ಎರಡು ಅಂಚನ್ನೇ, ಕಟ್ಟಿಗೆಯ ಎಳೆಯ ತುದಿ ತೆರೆದಿದ್ದು ತೇವ ಹೆಚ್ಚು ಹೀರುವುದೂ ಅಲ್ಲಿಂದಲೇ.

ಕಿರುಗುಟ್ಟುವ ಬಿಜಾಗ್ರಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಉಳಿದ ಕಾಲದಲ್ಲಿ ಧೂಳು ಹಿಡಿಯುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ ಸಾಕು. ಬೀಗಕ್ಕೆ ಅದೂ ಬೇಡ: ಚಾವಿಯ ಹಲ್ಲಿಗೆ ಪೆನ್ಸಿಲ್ ಸೀಸ ಉಜ್ಜಿ ಹತ್ತು ಸಲ ತಿರುಗಿಸಿ.

ಸೀಳಿದ ಬಕೀಟಿಗೆ ಫೆವಿಕ್ವಿಕ್ ಹಿಡಿಯದಿರಲು ಕಾರಣ ಅದರ ಪ್ಲಾಸ್ಟಿಕ್ಕೇ. ಪಾಲಿಥೀನ್, ಪಾಲಿಪ್ರೊಪಿಲೀನ್ ಮೈಗೆ ಆ ಅಂಟು ಕೂಡುವುದಿಲ್ಲ. ಸೀಳಿನ ತುದಿಯಲ್ಲಿ ಕಾದ ಮೊಳೆಯಿಂದ ಸಣ್ಣ ದುಂಡು ತೂತು ಮಾಡಿದರೆ ಸೀಳು ಮುಂದೆ ಓಡುವುದು ನಿಲ್ಲುತ್ತದೆ, ಬಕೀಟು ಒಣ ಸಾಮಾನಿಗೆ ಉಳಿಯುತ್ತದೆ.

ಗೋಡೆಯ ಬಿರುಕು

ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆ ಭೂಮಿಯ ಮೇಲೆ ಕಟ್ಟಿದ ಮನೆಗಳಿಗೆ ಇದು ಬೇರೆಯೇ ಲೆಕ್ಕ. ಎರೆ ಮಣ್ಣು ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ, ಮೇಲಿನ ಗೋಡೆ ಅದರ ಜೊತೆ ಏರಿಳಿಯುತ್ತದೆ. ಬೇಸಿಗೆಯಲ್ಲಿ ಸಿಮೆಂಟ್ ತುಂಬಿದ ಬಿರುಕು ಮುಂದಿನ ವರ್ಷ ಅದರ ಪಕ್ಕದಲ್ಲೇ ಮತ್ತೆ ಕಾಣಿಸುವುದು ಇದಕ್ಕೇ. ಸಿಮೆಂಟಿಗೆ ಬಾಗುವ ಗುಣವಿಲ್ಲ.

ಬಿರುಕಿಗೆ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆದು, ಬಿರುಕಿನ ಎರಡೂ ತುದಿಗೆ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಮತ್ತು ಅಗಲ ಬರೆಯಿರಿ. ತಿಂಗಳಿಗೊಮ್ಮೆ ಅಳೆದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಕೂದಲೆಳೆಯ ಬಿರುಕು ಹಾಗೇ ಇದ್ದರೆ ಗಿಲಾವಿನದು, ಕೆರೆದು ಪುಟ್ಟಿ ತುಂಬಬಹುದು. ಕಾಲಕ್ಕೆ ತಕ್ಕಂತೆ ತೆರೆದು ಮುಚ್ಚುತ್ತಿದ್ದರೆ ಬಾಗುವ ಗುಣದ ಅಕ್ರಿಲಿಕ್ ಫಿಲ್ಲರ್ ಬಳಸಿ. ಜೊತೆಗೆ ಮನೆಯ ಬುಡಕ್ಕೆ ನೀರು ಕುಡಿಸುವುದನ್ನು ನಿಲ್ಲಿಸಿ: ಮಾಳಿಗೆಯ ನೀರಿನ ಪೈಪು ಗೋಡೆಯಿಂದ ದೂರ ಬೀಳಲಿ, ಗೋಡೆಗೆ ತಾಗಿದ ಹೂಕುಂಡ-ಪಾತಿಗಳು ಸರಿಯಲಿ, ಬಟ್ಟೆ ಒಗೆಯುವ ಕಲ್ಲಿನ ನೀರು ಗಟಾರಕ್ಕೆ ಹೋಗಲಿ. ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಓರೆಯಾಗಿ ಇಳಿದ, ಐದು ಮಿಲಿಮೀಟರ್ ದಾಟಿದ, ಅಥವಾ ಗೋಡೆಯ ಎರಡೂ ಬದಿಗೆ ಕಾಣುವ ಬಿರುಕನ್ನು ಮಾತ್ರ ಮುಚ್ಚಲು ಹೋಗದೆ, ಬರೆದಿಟ್ಟ ಅಳತೆಗಳ ಸಮೇತ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.